ಚೀಲದ ಒಳಜೇಬು

ಸೂಜಿಯಮ್ಮ ದೂರವನ್ನು ಅಳೆಯುತ್ತಿದ್ದದ್ದು ಹೆಜ್ಜೆಯಲ್ಲಿ. ಅವರ ಬಾಗಿಲಿನಿಂದ ಬ್ರೆಡ್ಡಿನ ಅಂಗಡಿಗೆ ನಲವತ್ತು ಹೆಜ್ಜೆ, ಡಾಕ್ಟರ ಹತ್ತಿರ ಹೋಗಲು ತೊಂಬತ್ತು, ವಾಚನಾಲಯಕ್ಕೆ ನೂರ ಹನ್ನೆರಡು. ಮೊಣಕಾಲು ಕೈಕೊಟ್ಟು ಏಳೆಂಟು ವರ್ಷವಾಗಿತ್ತು. ಇನ್ನೂರು ಹೆಜ್ಜೆಯಾಚೆಗಿನ ಜಗತ್ತಿನ ಆಸೆಯನ್ನೇ ಅವರು ಬಿಟ್ಟಿದ್ದರು.

"ಇನ್ನೂರರೊಳಗೆ ನನಗೆ ಬೇಕಾದ್ದೆಲ್ಲ ಇದೆ ಕಣೋ. ಸ್ಮಶಾನ ಒಂದು ದೂರ. ಅಲ್ಲಿಗೆ ಹೇಗೂ ಹೊತ್ಕೊಂಡು ಹೋಗ್ತಾರೆ," ಎಂದು ನಗುತ್ತಿದ್ದರು.

ನಾನು ಆ ಹಳೇ ಪೇಟೆಯ ಪೋಸ್ಟ್‌ಮ್ಯಾನ್. ಅಲ್ಲಿಯ ಗಲ್ಲಿಗಳೆಲ್ಲ ಕಲ್ಲುಹಾಸಿನವು, ನಡುನಡುವೆ ಮೆಟ್ಟಿಲು. ಕಾರಿನ ಮಾತು ಬಿಡಿ, ಸೈಕಲ್ಲಿಗೂ ಅಲ್ಲಿ ಮರ್ಯಾದೆ ಇಲ್ಲ. ಹಳೆಯ ಕಟ್ಟಡ ನೋಡಲು ಬರುವವರು ಕತ್ತೆತ್ತಿಕೊಂಡು ನಡೆದು ಎಡವಿ ಬೀಳುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಜನರನ್ನು ಎಬ್ಬಿಸಿ ಕೂರಿಸಿದ್ದೇನೋ ಲೆಕ್ಕವಿಲ್ಲ.

ನಗರಸಭೆಗೆ ಸೇರಿದ ಮೂರಂತಸ್ತಿನ ಕಲ್ಲಿನ ಮನೆಯೊಂದರ ಕೆಳಗಿನ ಮೂಲೆಕೋಣೆ ಸೂಜಿಯಮ್ಮನದು. ಮೇಲಿನ ಎರಡು ಅಂತಸ್ತು ಖಾಲಿ ಬಿದ್ದು ವರ್ಷಗಳಾಗಿದ್ದವು. ಕಿಟಕಿಗೆ ತಾಗಿ ಹೊಲಿಗೆ ಮೆಷಿನ್ನು. ನೆಟ್ಟಗಿದ್ದ ಒಂದು ಕಾಲಲ್ಲೇ ತುಳಿಯುತ್ತಿದ್ದರು. ಜಿಪ್ಪು ಕಿತ್ತ ಪ್ಯಾಂಟು, ಗುಂಡಿ ಉದುರಿದ ಕೋಟು ಎಲ್ಲವೂ ಕಿಟಕಿಯಿಂದ ಒಳಗೆ ಹೋಗಿ ಕಿಟಕಿಯಿಂದಲೇ ಹೊರಗೆ ಬರುತ್ತಿದ್ದವು. ಬೀದಿಯ ಸುದ್ದಿಯೂ ಹಾಗೆಯೇ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಯಾರ ಅಳತೇನೂ ಸರಿಹೋಗ್ಲಿಲ್ಲ," ಎನ್ನುತ್ತಿದ್ದರು.

ನನಗೊಂದು ಅಧಿಕಪ್ರಸಂಗದ ಅಭ್ಯಾಸವಿತ್ತು. ಕೆಟ್ಟ ಸುದ್ದಿಯ ಕಾಗದವನ್ನು ನಾನು ಲಕೋಟೆ ನೋಡಿಯೇ ಗುರುತಿಸುತ್ತಿದ್ದೆ. ಒಮ್ಮೆ ಗಡಿಯಾರ ರಿಪೇರಿಯವನು ಮಗಳ ಮದುವೆಗೆಂದು ಹೊಸ ಕೋಟು ಹಾಕಿಕೊಂಡು ಮೆಟ್ಟಿಲಿಳಿಯುವಾಗ ಕೋರ್ಟಿನ ಕಾಗದ ಕೊಟ್ಟಿದ್ದೆ. ಅವನು ಅಲ್ಲೇ ಕುಸಿದು ಕೂತ. ಅಂದಿನಿಂದ ಅಂಥವನ್ನು ಚೀಲದ ಒಳಜೇಬಿಗೆ ಸೇರಿಸಿ, ಮನೆಯವರು ಉಂಡು ಕೂತ ಹೊತ್ತು ನೋಡಿ ಕೊಡುತ್ತಿದ್ದೆ. ಕೆಲವೊಮ್ಮೆ ಮಾರನೆಯ ದಿನ. ಈ ಅಧಿಕಾರವನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ, ಅಷ್ಟೆ.

ಒಂದು ಮಂಗಳವಾರ ಸೂಜಿಯಮ್ಮನ ಹೆಸರಿಗೆ ನಗರಸಭೆಯ ಕಂದು ಲಕೋಟೆ ಬಂತು. ಕಿಟಕಿಯ ಹತ್ತಿರ ಹೋದರೆ ಒಳಗೆ ಇಬ್ಬರ ನಗು. ಆರು ವರ್ಷದಿಂದ ಮಾತು ಬಿಟ್ಟಿದ್ದ ತಂಗಿ ತಾನಾಗಿ ಬಂದಿದ್ದಳು.

"ಬಾರೋ ಟಪಾಲು, ನೋಡು ಯಾರು ಬಂದಿದ್ದಾಳೆ!"

ಆ ಮುಖ ಅಷ್ಟು ಅರಳಿದ್ದನ್ನು ನಾನು ಕಂಡೇ ಇರಲಿಲ್ಲ. ಟೀ ಕುಡಿದು ಬಂದೆ. ಲಕೋಟೆ ಒಳಜೇಬಿನಲ್ಲೇ ಉಳಿಯಿತು. ದಿನಾ ಹೋಗುತ್ತಿದ್ದೆ, ದಿನಾ ನಗು ಕೇಳಿ ಮುಂದಕ್ಕೆ ನಡೆಯುತ್ತಿದ್ದೆ. ತಂಗಿ ಭಾನುವಾರ ಊರಿಗೆ ಹೊರಟಳು. ಸೋಮವಾರ ಬೆಳಿಗ್ಗೆ ಲಕೋಟೆ ಕೊಟ್ಟೆ.

ಸೂಜಿಯಮ್ಮ ಕನ್ನಡಕ ಏರಿಸಿ ಓದಿದರು. ಕಟ್ಟಡದ ಗೋಡೆ ಭದ್ರಪಡಿಸಬೇಕು, ತಿಂಗಳೊಳಗೆ ಕೋಣೆ ಖಾಲಿ ಮಾಡಬೇಕು. ಕೆಲಸ ಮುಗಿದ ಮೇಲೆ ಅದೇ ಕೋಣೆ ಬೇಕಾದರೆ ಶನಿವಾರದೊಳಗೆ ಅರ್ಜಿ ಕೊಡಬೇಕು.

"ಶನಿವಾರ ಅಂದ್ರೆ ಮೊನ್ನೆ ಅಲ್ವೇನೋ?" ಎಂದರು. ಅವರೇ ಮುಂದುವರಿಸಿದರು. "ಈ ಆಫೀಸಿನವರೇ ಹೀಗೆ. ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕೋ ಜನ."

"ಹೌದಮ್ಮ," ಎಂದೆ.

ಆ ಒಂದು ಮಾತಿಗೆ ನನ್ನ ನಾಲಿಗೆ ಬಿದ್ದುಹೋಗಬೇಕಿತ್ತು.

ಮಾರನೆಯ ದಿನ ಗಲ್ಲಿಯ ತುದಿಯಿಂದ ಗಾಡಿ ಮಾಡಿ ಅವರನ್ನು ನಾನೇ ನಗರಸಭೆಗೆ ಕರೆದೊಯ್ದೆ. ಗುಮಾಸ್ತ ಪುಸ್ತಕ ತಿರುವಿ ಹೇಳಿದ. "ನಾವು ಸರಿಯಾದ ಹೊತ್ತಿಗೇ ಕಳಿಸಿದ್ದೀವಿ. ಪೋಸ್ಟಲ್ಲಿ ತಡ ಆಗಿದ್ರೆ ಅವರಿಂದ ಒಂದು ಸಾಲು ಬರೆಸ್ಕೊಂಡು ಬನ್ನಿ, ಅರ್ಜಿ ತಗೋತೀವಿ." ಆಮೇಲೆ ನನ್ನ ಸಮವಸ್ತ್ರ ನೋಡಿದ. "ನೀವೇ ಅಲ್ವಾ ಪೋಸ್ಟಿನವರು? ತಡ ಆಯ್ತಾ?"

"ನಮ್ಮಲ್ಲಿ ತಡ ಅನ್ನೋದೇ ಇಲ್ಲ ಸಾರ್," ಎಂದೆ.

ಹೆಂಡತಿ, ಓದುತ್ತಿರುವ ಮಗಳು, ಹೋಗಬಹುದಾದ ನೌಕರಿ, ಎಲ್ಲ ಕಣ್ಣ ಮುಂದೆ ಬಂತು ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಗಳಿಗೆಯಲ್ಲಿ ನನಗೆ ಕಂಡದ್ದು ನನ್ನ ಮುಖವೊಂದೇ, ಬೀದಿಯವರೆಲ್ಲ ಒಳ್ಳೆಯವನು ಎನ್ನುವ ಮುಖ. ಸೂಜಿಯಮ್ಮ ಕೈಚೀಲದ ಗುಂಡಿ ಹಾಕಿಕೊಂಡು ಎದ್ದರು.

ಊರಾಚೆ ಹನ್ನೊಂದನೇ ಮಹಡಿಯಲ್ಲಿ ಅವರಿಗೊಂದು ಮನೆ ಸಿಕ್ಕಿತು. ಅಲ್ಲಿಗೆ ಹೋಗಲು ನನಗೆ ಪೂರಾ ಒಂದು ವರ್ಷ ಬೇಕಾಯಿತು. ಮೆಷಿನ್ನಿಗೆ ಬಟ್ಟೆ ಹೊದಿಸಿದ್ದರು. ಯಾರ ಹರಿದ ಪ್ಯಾಂಟು ತಾನೇ ಹನ್ನೊಂದನೇ ಮಹಡಿ ಹತ್ತುತ್ತದೆ?

"ಇಲ್ಲಿ ಎಣಿಸೋಕೇನೂ ಇಲ್ಲ ಕಣೋ. ಲಿಫ್ಟಿನ ತನಕ ಹದಿನಾರು. ಕೆಳಗಿಳಿದ್ರೆ ಬರೀ ರಸ್ತೆ, ದಾಟೋ ಅಷ್ಟರಲ್ಲಿ ಸಿಗ್ನಲ್ ಬಿದ್ದೋಗತ್ತೆ," ಎಂದರು. "ನನ್ನ ಕೋಣೇಲಿ ಯಾರಿದ್ದಾರೆ?"

"ಹೊಸದಾಗಿ ಮದುವೆಯಾದೋರು. ಎಲ್ಲಾ ಕಡೆಗೂ ನಡ್ಕೊಂಡೇ ಹೋಗಬಹುದು, ಅದಕ್ಕೇ ಬಂದ್ವಿ ಅಂತಾರೆ."

"ಬುದ್ಧಿವಂತರು," ಎಂದರು. ನಿಜವಾಗಿಯೂ ಮೆಚ್ಚಿಯೇ ಹೇಳಿದರು. ಆಮೇಲೆ ನನ್ನ ಅಂಗಿಯಲ್ಲಿ ಜೋತಾಡುತ್ತಿದ್ದ ಗುಂಡಿ ಅವರ ಕಣ್ಣಿಗೆ ಬಿತ್ತು. "ಆ ಡಬ್ಬಿಯಿಂದ ಸೂಜಿ ತಗೊಂಡು ಬಾ."

ಡಬ್ಬಿ ತೆರೆದೆ. ಸೂಜಿಗಳನ್ನು ಸಾಲಾಗಿ ಚುಚ್ಚಿಟ್ಟಿದ್ದದ್ದು ಆ ಕಂದು ಲಕೋಟೆಗೆ. ಮೇಲೆ ನಮ್ಮ ಅಂಚೆಕಚೇರಿಯ ದುಂಡು ಮುದ್ರೆ, ಆ ಮಂಗಳವಾರದ ತಾರೀಖು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಎಂದಿರಲಿಲ್ಲ, ಆದರೂ ನನ್ನ ಕೈ ಹೆಗಲಿನ ಚೀಲದ ಒಳಜೇಬಿಗೆ ಹೋಯಿತು.

"ಈ ತಾರೀಖನ್ನ ಯಾವಾಗ ನೋಡಿದ್ರಿ?"

"ನೀನು ಕೊಟ್ಟು ಹೋದೆಯಲ್ಲ, ಆವತ್ತೇ."

"ಮತ್ತೆ ಗುಮಾಸ್ತನಿಗೆ ಯಾಕೆ ತೋರಿಸ್ಲಿಲ್ಲ ಅಮ್ಮ?"

ಅವರು ದಾರ ಕಚ್ಚಿ ಕತ್ತರಿಸಿ ಸೂಜಿಗೆ ಪೋಣಿಸಿದರು. "ಬ್ಯಾಗಲ್ಲೇ ಇತ್ತು. ನೀನೇ ಹೇಳ್ತೀಯ ಅಂತ ಕಾದೆ ಕಣೋ."

ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅಳು ಬಂತು. ಅವರು ಗುಂಡಿ ಹೊಲಿದರು. ಮುಗಿದ ಮೇಲೆ ಕೈ ಚಾಚಿ, "ಆ ಚೀಲ ಇಲ್ಲಿ ಕೊಡು," ಎಂದರು. ಒಳಜೇಬನ್ನು ಈಚೆಗೆ ಎಳೆದು, ಎರಡೆಳೆ ದಾರದಲ್ಲಿ ಅದರ ಬಾಯನ್ನು ಈ ತುದಿಯಿಂದ ಆ ತುದಿಯವರೆಗೆ ಹೊಲಿದು ಕೊಟ್ಟರು.