ಐದನೆಯ ಭಾಗದಲ್ಲಿ ಬದುಕುಳಿದವಳು

ಚಿತ್ರಮಂದಿರದ ಹೊರಗೋಡೆಯ ಹಲಗೆಯಲ್ಲಿ ತಗಡಿನ ಅಂಕಿಗಳು ಒಂದರಿಂದ ನಾಲ್ಕರವರೆಗೆ ಸರಿಯಾಗಿಯೇ ಬಂದು, ಅಲ್ಲಿಂದ ನೇರವಾಗಿ ಆರಕ್ಕೆ ಹಾರಿದ್ದವು. ಮೇಲೆ ಕೆಂಪು ಅಕ್ಷರಗಳಲ್ಲಿ ‘ಕತ್ತಲ ಕೊಯ್ಲು: ಎಲ್ಲ ಭಾಗಗಳೂ ಒಂದೇ ವಾರದಲ್ಲಿ’ ಎಂದಿತ್ತು. ಬ್ರೇಕಕ್ಕ ಅದನ್ನು ಓದಿದವಳೇ ತನ್ನ ಕಾಲಡಿಯ ಬ್ರೇಕನ್ನು ಒತ್ತಿದಳು. ಕಾರು ಮುಗ್ಗರಿಸಿ ನಿಂತಿತು.

ಸ್ಟಿಯರಿಂಗ್ ಹಿಡಿದಿದ್ದ ನಿವೃತ್ತ ಗುಮಾಸ್ತರು ಬೆವರಿದರು. “ನಾನೇನು ತಪ್ಪು ಮಾಡಿದೆ ಮೇಡಂ?”

“ನೀವಲ್ಲ ಸಾರ್. ಅವರು,” ಎಂದು ಹಲಗೆಯತ್ತ ಗಲ್ಲವೆತ್ತಿ ತೋರಿಸಿದಳು. “ಎಲ್ಲ ಭಾಗಗಳೂ ಅಂತೆ. ಎಣಿಸೋಕೆ ಬರಲ್ವಾ ಅವರಿಗೆ?”

ವಾಹನ ಚಾಲನೆ ಕಲಿಸುವ ಶಾಲೆಯ ಕಾರಿನಲ್ಲಿ ಎಡಗಡೆ ಕೂತು ಕಲಿಸುವವರ ಕಾಲಿಗೂ ಒಂದು ಬ್ರೇಕ್ ಇರುತ್ತದೆ. ಅದನ್ನು ಒತ್ತಬೇಕಾದ ಕ್ಷಣದಲ್ಲೂ ಅವಳ ದನಿ ಏರುತ್ತಿರಲಿಲ್ಲ. ಲಾರಿ ಎದುರಿಗೆ ಬಂದಾಗ ಕಲಿಯುವವರು ಕಿರುಚಿದರೆ, “ಕಿರುಚಿದ್ರೆ ಅದು ಪಕ್ಕಕ್ಕೆ ಹೋಗಲ್ಲ, ತಿರುಗಿಸಿ” ಎನ್ನುವಳು. ಊರಿನ ಅರ್ಧದಷ್ಟು ಜನರಿಗೆ ರಸ್ತೆಗಿಳಿಯುವ ಧೈರ್ಯ ಬಂದದ್ದು ಅವಳಿಂದ. ಅವಳ ಹೆಸರನ್ನು ಎಲ್ಲರೂ ಮರೆತು ಬ್ರೇಕಕ್ಕ ಎಂದು ಕರೆಯತೊಡಗಿ ಎಷ್ಟೋ ಕಾಲವಾಗಿತ್ತು. ಅವಳೇ ಒಂದು ಕಾಲದಲ್ಲಿ ಕಿರುಚುವ ಕೆಲಸಕ್ಕೆ ನೇಮಕಗೊಂಡಿದ್ದಳೆಂಬುದು ಮಾತ್ರ ಮನೆಯವರನ್ನು ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ.

‘ಕತ್ತಲ ಕೊಯ್ಲು’ ಸರಣಿಯ ಕಥೆ ಒಂದೇ: ಕುಡುಗೋಲು ಹಿಡಿದ ಮುಸುಕಿನ ಮನುಷ್ಯ ಒಂದು ಮನೆಗೆ ನುಗ್ಗುತ್ತಾನೆ, ಅಲ್ಲಿರುವವರನ್ನೆಲ್ಲ ಕೊಲ್ಲುತ್ತಾನೆ. ಐದನೆಯ ಭಾಗದಲ್ಲಿ ಅವನ ಕೈಗೆ ಸಿಗಬೇಕಾದ ಕೊನೆಯ ಹುಡುಗಿ ಅವಳಾಗಿದ್ದಳು. ಚಿತ್ರೀಕರಣದ ನಡುವೆ, ಆರಡಿಗೂ ಮೀರಿದ ಆ ಮುಸುಕಿನ ನಟ ಕಾಲು ಮುರಿದುಕೊಂಡ. ಉಳಿದ ದೃಶ್ಯಗಳಿಗೆ ಮುಸುಕು ತೊಡಲು ಸಿಕ್ಕವನು ದೀಪ ಹಿಡಿಯುವ ಎಲೆಕ್ಟ್ರಿಷಿಯನ್. ಅವಳ ಭುಜಕ್ಕೆ ಬರುವಷ್ಟು ಎತ್ತರದವನು. ನಿಲುವಂಗಿ ನೆಲ ಗುಡಿಸುತ್ತಿತ್ತು. ಬೆಳಗಿನಿಂದ ಓಡಿ ಕಿರುಚಿ ಗಂಟಲು ಕಟ್ಟಿದ್ದ ಅವಳು ಕೊನೆಯ ದೃಶ್ಯದಲ್ಲಿ ಮೆಟ್ಟಿಲು ಹತ್ತುವ ಬದಲು ಅಲ್ಲೇ ಕುಕ್ಕರಿಸಿ, “ಬಾ, ನನ್ನ ಕೈಲಿ ಇನ್ನು ಓಡೋಕಾಗಲ್ಲ” ಎಂದುಬಿಟ್ಟಳು. ಕ್ಯಾಮೆರಾ ನಿಲ್ಲಲಿಲ್ಲ. ಮುಸುಕಿನವ ಎರಡು ಮೆಟ್ಟಿಲು ಹತ್ತಿ, ತನ್ನದೇ ನಿಲುವಂಗಿಯನ್ನು ತುಳಿದು, ತನ್ನದೇ ಕುಡುಗೋಲಿನ ಮೇಲೆ ಬಿದ್ದ. ಸಮಯ ಮೀರಿದ್ದ ನಿರ್ದೇಶಕ ಅದನ್ನೇ ಅಂತ್ಯವೆಂದು ಒಪ್ಪಿಕೊಂಡ.

ಹೆದರಲು ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪತ್ರಿಕೆಗಳು ಮೂಗು ಮುರಿದವು. ಆರನೆಯ ಭಾಗವು ನಾಲ್ಕರ ಅಂತ್ಯದಿಂದಲೇ ಆರಂಭವಾಯಿತು: ಅವಳ ಎದುರಿಗೆ ಸತ್ತವನು ಅಲ್ಲಿ ಆರಾಮಾಗಿ ಕುಡುಗೋಲು ಮಸೆಯುತ್ತ ಕುಳಿತಿದ್ದ. ಅವಳಿರಲಿಲ್ಲ, ಆ ಮೆಟ್ಟಿಲೂ ಇರಲಿಲ್ಲ. ಮತ್ತೆ ಯಾರೂ ಅವಳನ್ನು ಕರೆಯಲೂ ಇಲ್ಲ. ಎಲೆಕ್ಟ್ರಿಷಿಯನ್ ಮಾತ್ರ, ತಾನು ಬಿದ್ದಾಗ ಅವಳ ಕಾಲಿಗೆ ಪೆಟ್ಟಾಯಿತೇನೋ ಎಂದು ವಿಚಾರಿಸಲು ಬಂದವನು, ವಿಚಾರಿಸುತ್ತಲೇ ಹೋಗಿ ಮದುವೆಯಾದ.

ನಿರೀಕ್ಷಿಸಿದ ಫಲ ಕೊಡದ ಪ್ರಯೋಗವನ್ನು ದಾಖಲೆಯಿಂದ ಅಳಿಸುವವನನ್ನು ವಿಜ್ಞಾನ ನಂಬುವುದಿಲ್ಲ. ಸೋತ ಪ್ರಯೋಗವೂ ನಡೆದ ಪ್ರಯೋಗವೇ. ಸಿನಿಮಾದವರಿಗೆ ಅಂಥ ಕಟ್ಟುಪಾಡಿಲ್ಲ. ಬ್ರೇಕಕ್ಕ ಈ ವಾದವನ್ನು ಎಲ್ಲಿಯೂ ಓದಿದವಳಲ್ಲ. ಅವಳಿಗೆ ಬಂದದ್ದು ಬರೀ ಸಿಟ್ಟು. ಗುಮಾಸ್ತರನ್ನು ಕಾರಿನಲ್ಲೇ ಬಿಟ್ಟು ಮ್ಯಾನೇಜರನ ಕೋಣೆಗೆ ನಡೆದಳು.

“ಐದು ಎಲ್ಲಿ?”

“ಅದನ್ನ ಮಾಡಿದವರೇ ಅದರಿಂದ ಕೈ ತೊಳ್ಕೊಂಡಿದ್ದಾರೆ ಮೇಡಂ. ನಾನು ಹಾಕಿದ್ರೆ ಜನ ಕುರ್ಚಿ ಕಿತ್ತು ಎಸೀತಾರೆ.”

“ನಿಮ್ಮ ಕುರ್ಚಿ ಕೀಳೋಕೆ ಜನ ಬೇರೆ ಬೇಕಾ? ಕೂತ್ರೆ ಸಾಕು, ಅವೇ ಎದ್ದು ಬರ್ತವೆ.”

ಮ್ಯಾನೇಜರ್ ನಗುತ್ತ ತಲೆಯೆತ್ತಿದವನು ಅವಳ ಮುಖವನ್ನೇ ನೋಡಿದ. “ಅಯ್ಯೋ! ಮೆಟ್ಟಿಲ ಮೇಲೆ ಕೂತ್ಕೊಂಡೋರು ನೀವಲ್ವಾ?”

“ನಾನೇ. ಓಡಿದ್ದನ್ನ ಒಬ್ಬರೂ ನೆನಪಿಟ್ಟಿಲ್ಲ ನೋಡಿ.”

ಅವನು ತಲೆ ಕೆರೆದುಕೊಂಡ. ಭಾನುವಾರದ ಬೆಳಗಿನ ಆಟ ಹೇಗೂ ಖಾಲಿಯೇ ಇರುತ್ತದೆ, ಹಾಕುತ್ತೇನೆ, ಆದರೆ ಮೊದಲು ಅವಳೇ ಎದ್ದು ನಿಂತು ಇದು ಯಾಕೆಂದು ಜನಕ್ಕೆ ಹೇಳಬೇಕು ಎಂದ. “ಬೈಗುಳ ಪೂರ್ತಿ ನಿಮ್ಮ ಪಾಲಿಗೆ, ಆಯ್ತಾ?”

“ಇಷ್ಟು ದಿನ ಅದೂ ಸಿಕ್ಕಿಲ್ಲ. ಕೊಡಿ.”

ಮನೆಯಲ್ಲಿ ಈ ಸುದ್ದಿ ಕೇಳಿ ಗಂಡನ ಕೈಯಲ್ಲಿದ್ದ ಲೋಟ ನಿಂತಲ್ಲೇ ನಿಂತಿತು. “ಬೇಡ ಬಿಡೇ. ಜನ ನನ್ನ ನೋಡಿ ನಕ್ಕಿದ್ದು ಸಾಲದಾ?”

“ನಿಮ್ಮನ್ನ ನೋಡಿ ಯಾರು ನಕ್ಕರು? ಮುಸುಕು ನೋಡಿ ನಕ್ಕರು.”

“ಒಳಗಿದ್ದೋನು ನಾನಲ್ವಾ?”

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳು ಅಪ್ಪನ ಪಕ್ಷ ವಹಿಸಿದಳು. “ಅಮ್ಮ, ನಿನ್ನ ಹತ್ರ ಕಲಿಯೋರೆಲ್ಲ ಬಂದು ನೋಡ್ತಾರೆ. ಆಮೇಲೆ ಕಾರಲ್ಲಿ ನಿನ್ನ ಮಾತು ಯಾರು ಕೇಳ್ತಾರೆ? ಅದು ಒಂದು ಕೆಟ್ಟ ಸಿನಿಮಾ. ನೀನೇ ಹೇಳ್ತೀಯ.”

“ಕೆಟ್ಟದ್ದೇ. ಚೆನ್ನಾಗಿದೆ ಅಂತ ಯಾವತ್ತಾದ್ರೂ ಅಂದಿದ್ದೀನಾ? ನಿಮ್ಮ ಲ್ಯಾಬಲ್ಲಿ ರಿಪೋರ್ಟ್ ಕೆಟ್ಟದಾಗಿ ಬಂದ್ರೆ ಏನು ಮಾಡ್ತೀರೇ? ರಕ್ತ ಕೊಟ್ಟೋನು ಹುಟ್ಟೇ ಇಲ್ಲ ಅಂತ ಬರೀತೀರಾ?”

ಮಗಳಿಗೆ ನಗು ಬಂತು. ಗಂಡ ಲೋಟವನ್ನು ಕೆಳಗಿಟ್ಟು, “ಹಿಂದಿನ ಸಾಲಲ್ಲಿ ಕೂರೋಣ” ಎಂದ. “ಮಧ್ಯದಲ್ಲಿ,” ಎಂದಳು ಅವಳು.

ಭಾನುವಾರ ಚಿತ್ರಮಂದಿರ ಅರ್ಧ ತುಂಬಿತ್ತು. ಹೆಚ್ಚಿನವರು ಈ ಸರಣಿಯನ್ನು ಬಾಯಿಪಾಠ ಮಾಡಿಕೊಂಡ ಯುವಕ ಯುವತಿಯರು. ನಡುವೆ ಅಲ್ಲಲ್ಲಿ ಅವಳ ಶಿಷ್ಯರು, ಗುಮಾಸ್ತರೂ ಸೇರಿ. ಅವಳು ಪರದೆಯ ಮುಂದೆ ನಿಂತಾಗ ಅಭ್ಯಾಸಬಲದಿಂದ ಬಲಗಾಲು ಇಲ್ಲದ ಬ್ರೇಕನ್ನು ಹುಡುಕಿತು.

“ಇದು ಕೆಟ್ಟ ಸಿನಿಮಾ,” ಎಂದಳು. “ನಂಗೊತ್ತು, ನಾನು ಇದರಲ್ಲಿದ್ದೆ. ನಗು ಬಂದ್ರೆ ನಗಿ, ಬೈಯ್ಬೇಕು ಅನ್ಸಿದ್ರೆ ಬೈಯಿರಿ. ಆದ್ರೆ ಇದು ಆಗೇ ಇಲ್ಲ ಅಂತ ಮಾತ್ರ ಅನ್ಬೇಡಿ.”

ಪವಾಡವೇನೂ ನಡೆಯಲಿಲ್ಲ. ಕಾಲವು ಕೆಟ್ಟ ಚಿತ್ರವನ್ನು ಒಳ್ಳೆಯದನ್ನಾಗಿ ಮಾಡುತ್ತದೆಂಬುದಕ್ಕೆ ಆಧಾರವಿಲ್ಲ. ಇದಂತೂ ಮೊದಲಿಗಿಂತಲೂ ಕೆಟ್ಟದಾಗಿ ಕಂಡಿತು. ಗಿಡ್ಡ ಕೊಲೆಗಾರ ಬಾಗಿಲಲ್ಲಿ ಕಾಣಿಸಿಕೊಂಡೊಡನೆ, “ಲೋ, ಇವನನ್ನ ಬಿಸಿನೀರಲ್ಲಿ ಒಗೆದುಬಿಟ್ರಾ?” ಎಂದು ಯಾರೋ ಕೂಗಿದರು. ಗಂಡ ಕುರ್ಚಿಯಲ್ಲಿ ಇನ್ನಷ್ಟು ಕುಗ್ಗಿದ. ಕೆಲವರು ಎದ್ದು ಹೊರಟೇ ಹೋದರು.

ಮೆಟ್ಟಿಲಿನ ದೃಶ್ಯ ಬಂತು. ಪರದೆಯ ಮೇಲೆ ಏದುಸಿರು ಬಿಡುತ್ತಿರುವ ತೆಳ್ಳಗಿನ ಹುಡುಗಿ ಕುಕ್ಕರಿಸಿದಳು. ಹಿಂದಿನ ಸಾಲುಗಳಿಂದ ಒಟ್ಟಾಗಿ ಕೂಗು ಎದ್ದಿತು: “ಓಡೇ! ಏಳೇ, ಓಡೇ!”

ಕತ್ತಲಲ್ಲಿ ಬ್ರೇಕಕ್ಕ ಎದ್ದು ನಿಂತಳು. “ಓಡಲ್ಲ!” ಎಂದಳು. ಲಾರಿಯ ಎದುರಿಗೂ ಏರದಿದ್ದ ದನಿ ಇಡೀ ಸಭಾಂಗಣಕ್ಕೆ ಕೇಳಿಸಿತು. “ಅವನೇ ಬರಲಿ!”

ಮುಸುಕಿನವ ಬಂದ, ನಿಲುವಂಗಿ ತುಳಿದ, ಬಿದ್ದ. ಆಮೇಲೆ ಎದ್ದ ನಗುವಿನಲ್ಲಿ ಅವಳ ಪಕ್ಕದ ಕುರ್ಚಿಯ ನಗುವೂ ಇತ್ತು. “ಅವತ್ತು ಪೆಟ್ಟಾದ ಮಂಡಿ ಇನ್ನೂ ನೋಯುತ್ತೆ ಕಣೇ,” ಎಂದ ಗಂಡ, ಕಣ್ಣೊರೆಸಿಕೊಳ್ಳುತ್ತ. ಅವನೀಗ ನೆಟ್ಟಗೆ ಕುಳಿತಿದ್ದ.

ಹೊರಗೆ, ಅಂಗಿಯ ಮೇಲೆ ಕುಡುಗೋಲಿನ ಚಿತ್ರವಿದ್ದ ಯುವಕನೊಬ್ಬ ವಿನಯದಿಂದಲೇ ಅಡ್ಡ ಬಂದ. “ಬೇಜಾರು ಮಾಡ್ಕೋಬೇಡಿ ಅಕ್ಕ. ಏನೇ ಆದ್ರೂ ಇದನ್ನ ನಾವು ಸರಣಿಗೆ ಸೇರ್ಸಲ್ಲ.”

“ಸೇರ್ಸ್ಬೇಡಪ್ಪ. ಉಳಿದ ಭಾಗಗಳಲ್ಲಿ ಕೊನೇ ಹುಡುಗೀರೆಲ್ಲ ಏನಾದ್ರು?”

“ಸತ್ರು. ಕೆಲವರು ಮುಂದಿನ ಭಾಗದಲ್ಲಿ ಸತ್ರು.”

“ನಾನು?”

ಗುಮಾಸ್ತರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಮಗಳು ಅಮ್ಮನ ತೋಳಿಗೆ ತೋಳು ಸೇರಿಸಿದಳು.

ಬ್ರೇಕಕ್ಕ ಹಲಗೆಯನ್ನು ನೋಡಿದಳು. “ಐದು ಇನ್ನೂ ಬಂದಿಲ್ಲ.”

“ಆಟವೇ ಮುಗೀತಲ್ಲ ಮೇಡಂ,” ಎಂದ ಮ್ಯಾನೇಜರ್. “ಇನ್ಯಾಕೆ?”

“ಎಲ್ಲ ಭಾಗಗಳೂ ಅಂತ ಬರೆದಿದ್ದೀರಲ್ಲ. ತಗಡು ಕೊಡಿ. ರೀ, ಏಣಿ ಹಿಡೀರಿ.”

ಗಂಡ ಏಣಿ ಹಿಡಿದ. “ಹುಷಾರು, ಬಿದ್ದೀಯ.”

“ಮೆಟ್ಟಿಲ ಮೇಲೆ ಬೀಳೋದು ನಿಮ್ಮ ಕೆಲಸ,” ಎನ್ನುತ್ತ ಅವಳು ಹತ್ತಿದಳು. ನಾಲ್ಕು ಮತ್ತು ಆರರ ನಡುವೆ ಐದಕ್ಕೆ ಜಾಗ ಬಿಟ್ಟಿರಲಿಲ್ಲ. ಅವಳು ಆರನ್ನು ಪಕ್ಕಕ್ಕೆ ತಳ್ಳಿದಳು.