ನಡುವಿನ ಗೋಡೆ

ಹಳೆಯ ಮನೆಗಳನ್ನು ಉಳಿಸಬೇಕೆಂಬ ಹಂಬಲ ನನಗೆ ಹತ್ತಿದ್ದು ಹೊಸ ಮನೆ ಕಟ್ಟಿಸಿದ ಮೇಲೆ. ಗದುಗಿನ ಹೊಸ ಬಡಾವಣೆಯಲ್ಲಿ, ಕಾದ ಸ್ಲ್ಯಾಬಿನ ಕೆಳಗೆ ಬೆವರು ಒರೆಸಿಕೊಳ್ಳುತ್ತ, ಪಕ್ಕದ ಬೆಟಗೇರಿಯ, ಸೂರಿಗೆ ಮಣ್ಣು ಹೊದಿಸಿದ ಮಾಳಿಗೆಗಳ ತಂಪನ್ನು ಹೊಗಳುವುದು ನನ್ನ ಬೇಸಿಗೆಯ ಕಸುಬು. ಹೆಂಡತಿ ಫ್ಯಾನ್ ಜೋರು ಮಾಡಿ ಒಳಗೆ ಹೋಗುತ್ತಾಳೆ.

ಬೆಟಗೇರಿಯ ಹಳೆಯ ಓಣಿಗಳಲ್ಲಿ ಎಷ್ಟೋ ಕಡೆ ಎರಡು ಮನೆಗಳ ನಡುವೆ ಒಂದೇ ಗೋಡೆ. ಈಚೆಯವರ ತೊಲೆಯೂ ಆಚೆಯವರ ತೊಲೆಯೂ ಅದರ ಮೇಲೆಯೇ ಕೂತಿರುತ್ತವೆ. ಕಟ್ಟಿದವರು ಜಿಪುಣರೋ ದೂರದೃಷ್ಟಿಯವರೋ, ನಾನು ಇನ್ನೂ ತೀರ್ಮಾನಿಸಿಲ್ಲ. ಗೋಡೆ ಇರುವುದು ಬೇರ್ಪಡಿಸುವುದಕ್ಕೆ ಎಂದು ತಿಳಿದ ನಮ್ಮಂಥ ಕಾಂಪೌಂಡ್ ಜನ ಇದನ್ನೊಮ್ಮೆ ನೋಡಬೇಕು. ಇಲ್ಲಿ ಜಗಳವಾಡಬಹುದು, ವರ್ಷಗಟ್ಟಲೆ ಮಾತು ಬಿಡಬಹುದು. ಮನೆ ಮಾತ್ರ ಒಬ್ಬರೇ ಕೆಡವುವಂತಿಲ್ಲ.

ಶಂಕ್ರವ್ವ ಮತ್ತು ಹುಸೇನಬಿಯ ನಡುವೆ ಇರುವುದು ಅಂಥದೇ ಗೋಡೆ. ಶಂಕ್ರವ್ವ ಸೀರೆ ವ್ಯಾಪಾರದ ಮನೆಯಾಕೆ. ಹುಸೇನಬಿ ಹಳೆಯ ಬಟ್ಟೆ ಜೋಡಿಸಿ ಕೌದಿ ಹೊಲಿದು ಬದುಕುವಾಕೆ. ಮಾಳಿಗೆಯಿಂದ ರೊಟ್ಟಿಯ ಮೇಲೆ ಮಣ್ಣು ಉದುರುವುದು ಸಾಕಾಗಿ ಶಂಕ್ರವ್ವ ಈ ವರ್ಷ ಸ್ಲ್ಯಾಬ್ ಹಾಕಿಸಲು ಹೊರಟರು. ಗೌಂಡಿ ಬಂದು ನೋಡಿ, ನಡುವಿನ ಗೋಡೆ ತೆಗೆಯಲೇಬೇಕೆಂದ. ತೆಗೆದರೆ ಹುಸೇನಬಿಯ ಮಾಳಿಗೆಯೂ ನೆಲಕ್ಕೆ ಬರುತ್ತದೆ. ಮತ್ತೆ ಕಟ್ಟಿಸುವ ಶಕ್ತಿ ಆಕೆಗಿಲ್ಲ.

ಸುದ್ದಿ ಕೇಳಿ ನಾನು ಓಡಿದೆ. ಶಂಕ್ರವ್ವನ ಪಡಸಾಲೆಯಲ್ಲಿ ಕೂತು ಪರಂಪರೆ, ವಾಸ್ತುಶಿಲ್ಪ, ಗೋಡೆಯ ದಪ್ಪ ಎಂದೆಲ್ಲ ಹೇಳಿದೆ. ಅವರು ಚಹಾ ಕೊಟ್ಟು ಪೂರ್ತಿ ಕೇಳಿದರು.

"ಖರೆ ಐತ್ರಿ. ಹಂಗಾರ ನೀವು ಇಲ್ಲಿ ಬಂದು ಇರ್ರಿ, ನಾ ನಿಮ್ಮ ಮನ್ಯಾಗ ಇರ್ತೀನಿ."

ನನಗೆ ಉಳಿದದ್ದು ಚಹಾ ಕುಡಿಯುವ ಕೆಲಸ. ಅಷ್ಟರಲ್ಲಿ ಹುಸೇನಬಿ ಬಂದರು. ಬೇಡಿಕೊಳ್ಳುತ್ತಾರೇನೋ ಎಂದುಕೊಂಡೆ. ಅವರು ಬೇಡಲಿಲ್ಲ.

"ಕೆಡವವ್ವಾ, ನಿನ್ನ ಮನಿ ನೀ ಕೆಡವು. ಯಾವಾಗ ಅಂತ ಮೊದ್ಲ ಹೇಳು. ಕೌದಿ ಗಂಟೆಲ್ಲಾ ಎತ್ತಿಡಬೇಕು."

"ಎತ್ತಿ ಎಲ್ಲಿ ಇಡ್ತೀ?" ಎಂದರು ಶಂಕ್ರವ್ವ.

"ನಿನ್ನ ಪಡಸಾಲ್ಯಾಗ. ಮತ್ತೆಲ್ಲಿ ಇಡ್ಲಿ?"

ಹೇಳಿದ ಮೇಲೆ ಹುಸೇನಬಿಗೇ ತಿಳಿಯಿತು, ಗೋಡೆ ಹೋದರೆ ಆ ಪಡಸಾಲೆಯೂ ಇರುವುದಿಲ್ಲವೆಂದು. ಇಬ್ಬರೂ ತಲೆಯೆತ್ತಿ ಮಾಳಿಗೆ ನೋಡಿದರು. ನಾನು ಖಾಲಿ ಲೋಟದಲ್ಲಿ ಇನ್ನೊಂದು ಗುಟುಕು ಕುಡಿದೆ.

"ಮಳಿ ಬರೂದ್ರಾಗ ಎರಡೂ ಮಾಳಿಗಿಗೆ ಸವಳು ಮಣ್ಣು ಹಾಕ್ಸೋಣು," ಎಂದರು ಶಂಕ್ರವ್ವ ಕೊನೆಗೆ. "ಕೆಡವೂದು ಬರೂ ವರ್ಷ ನೋಡಿದ್ರಾತು."

ನೀರು ಸೋರದಿರಲೆಂದು ವರ್ಷ ವರ್ಷ ಹಾಕುವ ಮಣ್ಣು ಅದು. ಹಳೆಯ ಮನೆಗಳನ್ನು ಉಳಿಸುವುದೆಂದರೆ ಶತಮಾನಗಳ ಲೆಕ್ಕದ ಮಾತು ಎಂದುಕೊಂಡಿದ್ದೆ; ಅವು ಉಳಿಯುವುದು ಒಂದೊಂದೇ ಮಳೆಗಾಲ. ನನಗೆ ತುಂಬ ಸಂತೋಷವಾಯಿತು. ಆ ಸಂತೋಷದಲ್ಲಿ ಪರಂಪರೆಯ ಬಗ್ಗೆ ಇನ್ನೆರಡು ಮಾತು ಆಡಲು ಬಾಯಿ ತೆರೆದೆ.

"ಮಣ್ಣು ಬಂದ ದಿನ ಬರ್ರಿ," ಎಂದರು ಶಂಕ್ರವ್ವ. "ಬುಟ್ಟಿ ಹೊತ್ತು ಮ್ಯಾಲ ಏರಾಕ ಮಂದಿ ಬೇಕು. ಉಳಿದ ಮಾತು ಅಲ್ಲೇ ಹೇಳೀರಂತ."