ಬೆನ್ನಿಗೆ ಹೊಲಿದ ಕನ್ನಡ

ನನ್ನ ಗಂಡನಿಗೆ ಬೈಕ್ ಓಡಿಸಲು ಕಲಿಸಿದವಳು ನಾನು. ಧಾರವಾಡದಲ್ಲಿ ಕಾಲೇಜಿಗೆ ಅಪ್ಪನ ಹಳೆಯ ಬುಲೆಟ್ ಮೇಲೆ ಹೋಗಿಬರುತ್ತಿದ್ದೆ. ಅವನಿಗೆ ಸ್ಕೂಟರ್ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಅಮೆರಿಕದ ಇರ್ವಿಂಗ್‌ಗೆ ಬಂದ ಮೇಲೆ, ಭಾನುವಾರ ಖಾಲಿ ಬಿದ್ದಿರುತ್ತಿದ್ದ ಶಾಲೆಯ ಪಾರ್ಕಿಂಗ್ ಜಾಗದಲ್ಲಿ ಕ್ಲಚ್ ಬಿಡುವುದನ್ನು ಹೇಳಿಕೊಟ್ಟೆ. ಬಿದ್ದಾಗಲೆಲ್ಲ ಎತ್ತಿದೆ, ನಗಲಿಲ್ಲ. ಆಗಲೇ ಹೊಟ್ಟೆತುಂಬಾ ನಕ್ಕುಬಿಡಬೇಕಿತ್ತು.

ಆಮೇಲೆ ಹತ್ತಿರದ ಅಲೆನ್ ಊರಿನಲ್ಲಿರುವ ಮೈಸೂರಿನ ಮ್ಯಾನೇಜರೊಬ್ಬ ಕನ್ನಡಿಗರ ಬೈಕ್ ಕ್ಲಬ್ ಕಟ್ಟಿ, ತಾನೇ ಪ್ರೆಸಿಡೆಂಟ್ ಆದ. ಅಮೆರಿಕದ ಎಷ್ಟೋ ಹಳೆಯ ಕ್ಲಬ್‌ಗಳಲ್ಲಿ ಹೆಂಗಸರು ಸದಸ್ಯರಾಗುವಂತಿಲ್ಲ, ಹಿಂದಿನ ಸೀಟಷ್ಟೇ ಅವರದು. ಕೆಲವು ಕಡೆ ಅವರ ಜಾಕೆಟ್ಟಿನ ಬೆನ್ನ ಮೇಲೆ ಇಂಥವನ ಸ್ವತ್ತು ಎಂದು ಹೊಲಿದಿರುತ್ತಾರೆ. ಪ್ರೆಸಿಡೆಂಟ್ ಇದನ್ನೆಲ್ಲ ವಿಡಿಯೋ ನೋಡಿ ಕಲಿತಿದ್ದ. ನಮ್ಮವರಿಗೆ ಆ ಬೈಕರ್‌ಗಳ ಬೀಫ್ ಬೇಡ, ಟ್ಯಾಟೂ ಬೇಡ, ಹೊಡೆದಾಟವಂತೂ ಬೇಡವೇ ಬೇಡ. ಇದೊಂದು ಪದ್ಧತಿ ಮಾತ್ರ ಸಲೀಸಾಗಿ ಗಂಟಲಲ್ಲಿ ಇಳಿಯಿತು.

ಮೊದಲ ದೊಡ್ಡ ರೈಡ್ ಆಸ್ಟಿನ್‌ಗೆ. ನನ್ನ ಬೈಕಿನಲ್ಲಿ, ಎಲ್ಲರ ಜೊತೆ ಸಾಲಿನಲ್ಲಿ ಹೋಗಬೇಕೆಂಬುದಷ್ಟೇ ನನ್ನ ಆಸೆ.

“ಪ್ರೆಸಿಡೆಂಟ್ ಹತ್ರ ನಾ ಮಾತಾಡ್ತೀನಿ, ನೀ ಸುಮ್ನಿರು,” ಎಂದಿದ್ದ ಗಂಡ. ನಂಬಿದೆ.

ಹೊರಡುವ ದಿನ ಎಲ್ಲರೂ ನಮ್ಮ ಗ್ಯಾರೇಜಿನ ಮುಂದೆ ಸೇರಿದರು. ಉಪ್ಪಿಟ್ಟು ಮಾಡಿದ್ದು ನಾನೇ ಎಂದು ಹೇಳಬೇಕಿಲ್ಲವಲ್ಲ. ಪ್ರೆಸಿಡೆಂಟ್ ತೋಳಿಲ್ಲದ ಚರ್ಮದ ಜಾಕೆಟ್‌ಗಳನ್ನು ಹಂಚಿದ. ಗಂಡಸರ ಬೆನ್ನಿಗೆ ಗಂಡಭೇರುಂಡ. ನನ್ನದನ್ನು ತಿರುಗಿಸಿ ನೋಡಿದೆ. ಗಂಡನ ಹೆಸರು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಸ್ವತ್ತು’.

“ಕನ್ನಡದಲ್ಲೇ ಹಾಕ್ಸಿದೀನಿ ಮೇಡಂ, ಭಾಷೆ ಉಳೀಬೇಕಲ್ವಾ?” ಎಂದ ಪ್ರೆಸಿಡೆಂಟ್. “ನಿಮ್ ಬೈಕ್ ಇವತ್ತು ರೆಸ್ಟ್ ತಗೊಳ್ಲಿ. ನೀವು ಹಿಂದೆ ಕೂತ್ಕೊಂಡ್ ಬನ್ನಿ, ಆರಾಮಾಗಿ.”

ನಾನು ಗಂಡನ ಮುಖ ನೋಡಿದೆ. “ನೀವ್ ಮಾತಾಡ್ತೀನಿ ಅಂದಿದ್ರಿ. ಮಾತಾಡ್ರಿ ಮತ್ತ.”

“ಚಾಷ್ಟಿಗೆ ಮಾಡ್ಯಾರ. ಅದನ್ನೇನ್ ದೊಡ್ಡದ್ ಮಾಡ್ತಿ, ಹಾಕ್ಕೊ,” ಎಂದು ನಕ್ಕ.

ಅಷ್ಟರಲ್ಲಿ ಮಗಳು ಬಂದಳು. ಅವಳಿಗೆ ಕನ್ನಡ ಓದಲು ಕಲಿಸಿದವಳೂ ನಾನೇ. ಒಂದೊಂದೇ ಅಕ್ಷರ ಕೂಡಿಸಿ, ಅಪ್ಪನ ಹೆಸರನ್ನೂ ‘ಸ್ವತ್ತು’ ಎಂಬುದನ್ನೂ ತಪ್ಪಿಲ್ಲದೆ ಓದಿದಳು. ಇನ್ನೊಂದು ದಿನವಾಗಿದ್ದರೆ ಎತ್ತಿ ಮುದ್ದಾಡುತ್ತಿದ್ದೆ.

“ವಾಟ್ ಡಸ್ ಇಟ್ ಮೀನ್, ಡ್ಯಾಡಿ?”

“ಟೀಮ್ ಮೆಂಬರ್ ಅಂತ, ಪುಟ್ಟಿ.”

“ಕ್ಯಾನ್ ಐ ಗೆಟ್ ಒನ್ ಟೂ?”

“ಓಹೋ, ನಿನ್ ಸೈಜಲ್ಲೂ ಮಾಡ್ಸೋಣ!” ಎಂದ ಪ್ರೆಸಿಡೆಂಟ್. ಎಲ್ಲರೂ ನಕ್ಕರು. ಗಂಡನೂ ನಕ್ಕ.

ನಾನು ಜಾಕೆಟ್ಟನ್ನು ಅವನ ಬೈಕಿನ ಹಿಂದಿನ ಸೀಟಿನ ಮೇಲಿಟ್ಟೆ. ಮಗಳ ಎದುರು ಕುಳಿತು ಹೇಳಿದೆ: “ಟೀಮ್ ಮೆಂಬರ್ ಅಲ್ಲ. ಮನಿ, ಕಾರು, ಸೋಫಾ ಇರ್ತಾವಲ್ಲ, ಹಂಗ ನಾನೂ ಅಪ್ಪನ ವಸ್ತು ಅಂತ ಬರದಾರ.”

ಅವಳು ನನ್ನ ಕಡೆ ನೋಡಲಿಲ್ಲ. ಅಪ್ಪನನ್ನು ನೋಡಿದಳು, ಅಲ್ಲ ಎನ್ನುತ್ತಾನೇನೋ ಎಂದು ಕಾದಳು. ಅವನು ಬಗ್ಗಿ ಟೈರಿನ ಗಾಳಿ ಪರೀಕ್ಷಿಸತೊಡಗಿದ. ಹೊರಡುವ ಮುಂಚೆ ಅದನ್ನು ನೋಡಬೇಕೆಂದು ಕಲಿಸಿದವಳೂ ನಾನೇ.